ಡ್ರೈವ್ ಸೈಡಿನ ವಾಲ್ವು

ಚಟ್, ಚಟಚಟ, ಚಟ್. ಒಗ್ಗರಣೆಯಲ್ಲಿ ಸಾಸಿವೆ ಸಿಡಿಯುವಂಥ ಸದ್ದು. ಆದರೆ ಅದು ಬಂದದ್ದು ಅಡುಗೆಮನೆಯಿಂದಲ್ಲ, ಅಣ್ಣ ತಲೆಗೆ ಏರಿಸಿಕೊಂಡಿದ್ದ ಹೆಡ್‌ಫೋನಿನಿಂದ. ನಾನು ಮೈಕು ಬಾಯಿಗೆ ಹಿಡಿದು ಮಾತಾಡುತ್ತಲೇ ಇದ್ದೆ. ಹುಬ್ಬಳ್ಳಿಯ ಡಾಕ್ಟರು ಫೋನಿನಲ್ಲಿ ಹೇಳಿದ್ದನ್ನೆಲ್ಲ ಇಂಗ್ಲಿಷಿನಿಂದ ಕನ್ನಡಕ್ಕೆ ತಿರುವುತ್ತ, ಎಲ್ಲಿ ನಿಂತುಬಿಡುತ್ತೇನೋ ಎಂಬ ಭಯಕ್ಕೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ತಲೆಯೆತ್ತಿ ನೋಡಿದರೆ ಅಣ್ಣ ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡು ಕೂತಿದ್ದ.

“ಗಡ್ಡಿ ಅಂದಿ,” ಎಂದ. “ಆಮ್ಯಾಲೆ ನಿನ್ನ ದನಿ ಬಾವ್ಯಾಗ ಇಳದಂಗ ಇಳದು ಹೋತು. ಯಾ ಗಡ್ಡಿ? ಉಳ್ಳಾಗಡ್ಡಿನೋ, ಬಟಾಟಿನೋ?”

ಕರುಳಿನ ಗಡ್ಡೆ. ಆಪರೇಷನ್ ಮಾಡಿಸಿದರೆ ಈ ವಯಸ್ಸಿಗೆ ಟೇಬಲ್ ಮೇಲೇ ಏನಾದರೂ ಆಗಬಹುದು. ಮಾಡಿಸದಿದ್ದರೆ ಕೆಲವೇ ತಿಂಗಳಲ್ಲಿ ಕರುಳು ಮುಚ್ಚಿಹೋಗುತ್ತದೆ, ಆ ಸಾವು ಸುಲಭದ್ದಲ್ಲ. ಡಾಕ್ಟರು ಬಹಳ ಫ್ರ್ಯಾಂಕ್ ಆಗಿ ಹೇಳಿದ್ದರು. ಗುರುವಾರಕ್ಕೆ ಒಂದು ಬೆಡ್ ಇದೆ, ನಾಳೆ ಸಂಜೆ ಐದರೊಳಗೆ ಯೆಸ್ ಆರ್ ನೋ ತಿಳಿಸಿ, ಆದರೆ ಹೂಂ ಅನ್ನಬೇಕಾದವರು ನೀವಲ್ಲ, ಅವರೇ.

ಅಣ್ಣ ದಾಂಡೇಲಿಯ ಮಿಲ್ಲಿನಲ್ಲಿ ಪೇಪರ್ ಮಷಿನ್ನಿನ ಪಕ್ಕದಲ್ಲಿ ಆಯುಷ್ಯ ಕಳೆದವನು. ರಿಟೈರ್ ಆಗುವ ಹೊತ್ತಿಗೆ ಕಿವಿ ಹೆಚ್ಚುಕಡಿಮೆ ಹೋಗಿತ್ತು. ಹಿಯರಿಂಗ್ ಏಡ್ ಕೊಡಿಸಿದರೆ, “ಕಿವ್ಯಾಗ ಯಾರೋ ಸಿಳ್ಳಿ ಹೊಡದಂಗ ಆಗತೈತಿ” ಎಂದು ತೆಗೆದು ಡಬ್ಬಿಗೆ ಹಾಕಿದ. ಆಮೇಲೆ ಕಣ್ಣಿನ್ನೂ ಚೆನ್ನಾಗಿದ್ದ ದಿನಗಳಲ್ಲಿ ಎಲ್ಲಿಂದಲೋ ಹಳೇ ರೇಡಿಯೋ ಸಾಮಾನು ತಂದು, ಅಲ್ಯೂಮಿನಿಯಂ ಪೆಟ್ಟಿಗೆಯೊಂದಕ್ಕೆ ತೂತು ಕೊರೆದು ಈ ಹೆಡ್‌ಫೋನ್ ಆಂಪ್ಲಿಫೈಯರ್ ಕಟ್ಟಿದ. ಪೆಟ್ಟಿಗೆಯ ಒಂದು ಪಕ್ಕಕ್ಕೆ ಇಟ್ಟಿಗೆಯಷ್ಟು ಭಾರದ ಟ್ರಾನ್ಸ್‌ಫಾರ್ಮರು, ಮೇಲೆ ಹೆಬ್ಬೆರಳಿನಷ್ಟು ಎತ್ತರದ, ಬಲ್ಬಿನಂಥ ಎರಡು ಗಾಜಿನ ವಾಲ್ವು. ಕರೆಂಟು ಕೊಟ್ಟರೆ ಎರಡರ ಹೊಟ್ಟೆಯಲ್ಲೂ ಊದುಬತ್ತಿಯ ತುದಿಯಷ್ಟು ಕೆಂಪು. ಮೈಕಿನಲ್ಲಿ ನಾನು ಮಾತಾಡಿದರೆ ಅವನಿಗೆ ಮಾತು ಮಾತಾಗಿಯೇ ಕೇಳಿಸುತ್ತಿತ್ತು. ಅತ್ತಿಗೆ ತೀರಿಕೊಂಡ ಮೇಲೆ ನಾನು ಹಳಿಯಾಳದ ಬಾಡಿಗೆ ಮನೆ ಬಿಟ್ಟು ಅವನ ಜೊತೆಗಿರಲು ಬಂದೆ. ಮದುವೆಯ ಗೋಜಿಗೆ ಹೋಗದ ಸ್ಟೆನೋಗ್ರಾಫರ್ ತಂಗಿ, ಕಿವಿ ಕೇಳದ ಅಣ್ಣ. ನಮ್ಮ ಎಂಟು ವರ್ಷದ ಸಂಸಾರದ ಮಾತೆಲ್ಲ ಆ ಎರಡು ಗಾಜಿನ ಕುಡಿಕೆಗಳ ಮೂಲಕವೇ ಹರಿದದ್ದು.

ಈಗ ಕಣ್ಣೂ ಇರಲಿಲ್ಲ. ಸಕ್ಕರೆ ಕಾಯಿಲೆ ಅದನ್ನು ಬೆಳಕು ನೆರಳು ತಿಳಿಯುವಷ್ಟಕ್ಕೆ ಇಳಿಸಿತ್ತು. ಎಷ್ಟು ದಪ್ಪ ಅಕ್ಷರದಲ್ಲಿ ಬರೆದು ತೋರಿಸಿದರೂ ಉಪಯೋಗವಿಲ್ಲ. ಫೋನಿನ ಇಯರ್‌ಫೋನ್ ಹಾಕಿ ನೋಡಿದೆ, “ಸೊಳ್ಳಿ ಬಂದಂಗಾತು” ಎಂದ. ಕೊನೆಗೆ ಅಂಗೈಯಲ್ಲಿ ಬೆರಳಿನಿಂದ ಒಂದೊಂದೇ ಅಕ್ಷರ ತೀಡಿ ‘ಆಪರೇಷನ್’ ಎಂದು ಬರೆದೆ.

“ಆಪರೇಶನ್ನ? ಮಾಡಸ್ಕೊಂಡ್ರ ಏನು, ಬಿಟ್ರ ಏನು?”

ಅದನ್ನು ಅಂಗೈಯಲ್ಲಿ ಹೇಗೆ ಬರೆಯಲಿ? ಎರಡು ಸಾಲು ಬರೆಯುವಷ್ಟರಲ್ಲಿ ಅವನು ಕೈ ಹಿಂದೆಳೆದುಕೊಂಡ. “ಅರ್ಧಾ ಮಾತಿಗೆ ಹೂಂ ಅನ್ನಾಂವ ನಾ ಅಲ್ಲ. ಪೂರ್ತಿ ಕೇಳಬೇಕು. ಪೆಟಿಗಿ ಸರಿ ಮಾಡಸು.”

ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಆಟೋದಲ್ಲಿ ಬಜಾರಿಗೆ ಹೋದೆ. ಮೊಬೈಲ್ ರಿಪೇರಿಯವನು ಕನ್ನಡಕ ಹಣೆಗೇರಿಸಿ ಒಳಗಿಣುಕಿದ. “ಬಾಯಾರ, ಇದರಾಗ ಬೋರ್ಡ್ ಎಲ್ಲೈತ್ರಿ? ಇದನ್ನ ಮುಟ್ಟಿ ನಾ ಸತ್ರ ನಿಮ್ಮ ಅಣ್ಣಾರಿಗೆ ಏನಾಗೂದಿಲ್ಲ, ನನ್ನ ಹೆಂಡತಿ ಅಳ್ತಾಳ.” ಹಳಿಯಾಳದ ಬಸ್ ಸ್ಟ್ಯಾಂಡ್ ಹತ್ತಿರ ಒಬ್ಬರು ರೇಡಿಯೋ ರಿಪೇರಿಯವರಿದ್ದರು. ಪರಿಚಯದವರಿಗೆ ಫೋನ್ ಮಾಡಿ ಕೇಳಿದರೆ, ಅಂಗಡಿ ಮುಚ್ಚಿ ಮುಂಡಗೋಡಿನ ಮಗಳ ಮನೆ ಸೇರಿದ್ದಾರೆ, ಹಾಸಿಗೆ ಹಿಡಿದಿದ್ದಾರೆ ಎಂದರು. ಮನೆಗೆ ಮರಳಿ ಪೆಟ್ಟಿಗೆಯನ್ನು ಊಟದ ಮೇಜಿನ ಮೇಲಿಟ್ಟೆ. ಅಣ್ಣ ಮುಟ್ಟಿ ನೋಡಿ, ಅದು ಹೋದ ಹಾಗೆಯೇ ಬಂದದ್ದನ್ನು ತಿಳಿದುಕೊಂಡ.

“ಮತ್ತ ನೀನ ಮಾಡು,” ಎಂದ. “ನಾ ಹೇಳ್ತೇನಿ. ಹೌದು ಅಂದ್ರ ಕೈಮ್ಯಾಲೆ ಒಂದ್ ಸಲ ತಟ್ಟು, ಇಲ್ಲಂದ್ರ ಎರಡ ಸಲ.”

ನಾನು ಓದಿದ ಕಾನ್ವೆಂಟಿನಲ್ಲಿ ಹುಡುಗಿಯರಿಗೆ ಫಿಸಿಕ್ಸ್ ಬದಲು ನೀಡಲ್‌ವರ್ಕ್ ಕಲಿಸಿದ್ದರು. ಫ್ಯೂಸ್ ಹಾಕಲೂ ಬಾರದವಳು ನಾನು. ಹೇಳಿಕೊಡುವವನಿಗೆ ನಾನು ಮಾಡುವುದು ಕಾಣದು, ನಾನು ಕೇಳುವುದು ಕೇಳದು.

“ಪ್ಲಗ್ ತಗದೀ?” ಒಂದು ತಟ್ಟು. “ಈಗ ಕೈ ಹಚ್ಚಬ್ಯಾಡ. ಕರೆಂಟ್ ಬಂದ್ ಮಾಡಿದ್ರೂ ಅದರ ಹೊಟ್ಯಾಗ ಕರೆಂಟ್ ಕುಂತಿರತೈತಿ. ಕ್ಲಿಪ್ಪಿಂದು ವೈರ್ ಐತಲ್ಲ, ಅದನ್ನ ನಾ ಹೇಳಿದಲ್ಲೆ ಮುಟ್ಟಿಸಿ ಇಳಸಬೇಕು. ಒಂದ ಕೈಲೆ. ಇನ್ನೊಂದ ಕೈ ಕಿಸೇದಾಗ.”

ಸೀರೆಗೆ ಕಿಸೆ ಎಲ್ಲಿಂದ ಬರಬೇಕು? ಎಡಗೈಯನ್ನು ಬೆನ್ನ ಹಿಂದೆ ಒಯ್ದು ಸೆರಗಿನೊಳಗೆ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಬಲಗೈಯ ವೈರು ತುದಿ ಮುಟ್ಟಿದಾಗ ಒಂದು ಸಣ್ಣ ಕಿಡಿ. ಬಾಯಿಂದ ‘ಜೀಸಸ್!’ ಎಂದು ಹೊರಟಿತು. ಹಾಗೆ ಉದ್ಗರಿಸುತ್ತಿದ್ದುದಕ್ಕೆ ಅವ್ವ ನನಗೆ ಬೈಯುತ್ತಿದ್ದಳು. ಅಣ್ಣನಿಗೆ ಕೇಳಲಿಲ್ಲ, ಆದರೆ ಮೇಜು ಅಲುಗಿದ್ದು ಗೊತ್ತಾಯಿತು. “ಜೀವಂತ ಅದಿ?” ಎಂದ. ಒಂದು ತಟ್ಟು.

ಮತ್ತೆ ಪ್ಲಗ್ ಹಾಕಿ, ಕೈ ದೂರವಿಟ್ಟು ನೋಡಲು ಹೇಳಿದ. ಒಂದು ವಾಲ್ವು ಕೆಂಪಾಯಿತು, ಟ್ರಾನ್ಸ್‌ಫಾರ್ಮರಿನ ಪಕ್ಕದ್ದು ಕರ್ರಗೆ ಕೂತೇ ಇತ್ತು. ತಪ್ಪು ಸಿಕ್ಕೇಬಿಟ್ಟಿತು ಎಂದುಕೊಂಡೆ. ಎಲ್ಲ ತಣ್ಣಗಾದ ಮೇಲೆ, ಕರೆಂಟು ಇಳಿಸಿ, ವಾಲ್ವುಗಳನ್ನು ಕಿತ್ತೆ. ಗಾಜಿನ ಮೇಲೆ ಬಿಳಿ ಬಣ್ಣದಲ್ಲಿ ಅಣ್ಣನದೇ ಅಕ್ಷರ: ಉರಿಯುತ್ತಿದ್ದುದರ ಮೇಲೆ ಇಂಗ್ಲಿಷಿನ ‘ಟಿ’, ಉರಿಯದ್ದರ ಮೇಲೆ ‘ಡಿ’. ಟಿ ಎಂದರೆ ಟೆಸ್ಟೆಡ್, ಡಿ ಎಂದರೆ ಡಿಫೆಕ್ಟಿವ್. ಇದಕ್ಕಿಂತ ಸ್ಪಷ್ಟ ಇನ್ನೇನು ಬೇಕು? ಇದು ಕೆಟ್ಟದ್ದೆಂದು ಇವನಿಗೆ ಮೊದಲೇ ಗೊತ್ತಿತ್ತು, ಮರೆತಿದ್ದಾನೆ, ಎಂದು ಸಿಟ್ಟೇ ಬಂತು. ಡಿ ವಾಲ್ವನ್ನು ಪೇಪರಿನಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿದೆ. ಒಡೆದ ಗಾಜನ್ನು ಹಾಗೇ ಹಾಕಬಾರದು ಎಂಬ ಶಿಸ್ತು ಕಾನ್ವೆಂಟಿನ ಸಿಸ್ಟರುಗಳದು. ಒಡೆಯದ್ದಕ್ಕೂ ಅದನ್ನೇ ಮಾಡಿದೆ. ಒಳ್ಳೆಯದೆಂದು ತಿಳಿದ ಟಿಯನ್ನು ಡಿಯ ಕುಳಿಯಲ್ಲಿ ಕೂರಿಸಿ ಕರೆಂಟು ಕೊಟ್ಟೆ.

ಉರಿಯಲಿಲ್ಲ. ಐದು ನಿಮಿಷ ಕಾದೆ. ಉರಿಯಲಿಲ್ಲ. ಅದನ್ನೂ ನಾನೇ ಸುಟ್ಟೆನೆಂದುಕೊಂಡು ಪ್ಲಗ್ ಕಿತ್ತೆ. ಅಣ್ಣ ಆಗಲೇ ಮಲಗಿದ್ದ. ನನಗೆ ಎಬ್ಬಿಸುವ ಧೈರ್ಯವಾಗಲಿಲ್ಲ.

ಬೆಳಿಗ್ಗೆ ಚಹ ಕುಡಿಯುತ್ತ ಅವನೇ ಕೈ ಚಾಚಿದ. “ಹತ್ತಿತೇನು?” ಎರಡು ತಟ್ಟು. ಚಹದ ಕಪ್ಪು ಕೆಳಗಿಟ್ಟ. “ಅದಲಿ ಬದಲಿ ಮಾಡಿ ನೋಡಿದೇನು? ಎರಡೂ ಒಂದ ಜಾತೀವು. ಡ್ರೈವ್ ಸೈಡಿಂದು ಟೆಂಡರ್ ಸೈಡಿಗೆ ಹಾಕು, ಟೆಂಡರ್ ಸೈಡಿಂದು ಡ್ರೈವ್ ಸೈಡಿಗೆ.”

ಡ್ರೈವ್ ಸೈಡ್. ಡಿ. ಟೆಂಡರ್ ಸೈಡ್. ಟಿ.

ಮಿಲ್ಲಿನವರಿಗೆ ಎಡ ಬಲ ಎಂಬುದಿಲ್ಲ. ಪೇಪರ್ ಮಷಿನ್ನಿಗೆ ಮೋಟಾರು, ಗೇರು ಇರುವ ಪಕ್ಕ ಡ್ರೈವ್ ಸೈಡ್, ಜನ ನಿಂತು ಕಾಗದ ನೋಡಿಕೊಳ್ಳುವ ಪಕ್ಕ ಟೆಂಡರ್ ಸೈಡ್. ಈ ಪೆಟ್ಟಿಗೆಗೆ ಟ್ರಾನ್ಸ್‌ಫಾರ್ಮರಿನ ಪಕ್ಕವೇ ಡ್ರೈವ್ ಸೈಡ್. ಅಣ್ಣ ಮನೆಯಲ್ಲೂ ಅದನ್ನೇ ಆಡುತ್ತಿದ್ದ: ಡ್ರೈವ್ ಸೈಡ್ ಮಣಕಾಲು ನೋಯ್ತೈತಿ, ಟೆಂಡರ್ ಸೈಡ್ ಹೊಳ್ಳಿ ಮಲಗಿದ್ರ ನಿದ್ದಿ ಬರತೈತಿ. ಎಂಟು ವರ್ಷ ಕೇಳಿ ನಕ್ಕಿದ್ದೇನೆ. ಎರಡು ಅಕ್ಷರ ಎದುರಿಗೆ ಬಂದಾಗ ಮಾತ್ರ ನನ್ನ ಕಾನ್ವೆಂಟ್ ಇಂಗ್ಲಿಷು ಮುಂದೆ ನುಗ್ಗಿತ್ತು.

ಕಸದ ಬುಟ್ಟಿ ನೋಡಿದೆ. ಖಾಲಿ. ಬೆಳಿಗ್ಗೆ ಎದ್ದವಳೇ ಚೀಲ ಕಟ್ಟಿ ಗೇಟಿನ ಹೊರಗಿಟ್ಟಿದ್ದೆ. ಕಸದ ಗಾಡಿಯ ಹಾಡು ನಮ್ಮ ಮನೆ ದಾಟಿ ತಿರುವಿನ ಕಡೆಗೆ ಹೋಗುತ್ತಿತ್ತು.

ಎಪ್ಪತ್ತು ದಾಟಿದ ಮೇಲೆ ನಾನು ಓಡಿದ್ದು ಅದೊಂದೇ ಸಲ. ಚಪ್ಪಲಿ ಹಾಕಿಕೊಳ್ಳಲೂ ನಿಲ್ಲಲಿಲ್ಲ. ತಿರುವಿನಲ್ಲಿ ಗಾಡಿ ನಿಂತಿತು. ಹಿಂದೆ ನಿಂತು ಕಸ ತುಂಬುತ್ತಿದ್ದ ಹೆಣ್ಣುಮಗಳು ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

“ಏನ್ರೀ ಬಾಯಾರ, ಬಂಗಾರ ಒಗದೀರೇನು?”

“ಗಾಜಿಂದು ವಾಲ್ವ್ ಐತಿ ತಾಯಿ, ಪೇಪರಿನ್ಯಾಗ ಸುತ್ತೇನಿ.”

“ವಾಲ್ವ? ಮಿಲ್ಲಿನ್ಯಾಗಿಂದು ಕದ್ದು ತಂದಿರೇನು ಮತ್ತ?” ಎಂದು ನಗುತ್ತಲೇ, ಇನ್ನೂ ಮೇಲೆಯೇ ಇದ್ದ ನನ್ನ ಚೀಲ ಗುರುತಿಸಿ ಎಳೆದು ಕೊಟ್ಟಳು. ರಸ್ತೆಯಲ್ಲೇ ಕೂತು ಬಿಚ್ಚಿದೆ. ತೊಂಡೆಕಾಯಿ ತೊಟ್ಟು, ಚಹದ ಪುಡಿ, ಅದರ ನಡುವೆ ಪೇಪರಿನ ಉಂಡೆ. ಗಾಜು ಒಡೆದಿರಲಿಲ್ಲ. ಡ್ರೈವರು ಹಾರ್ನ್ ಹೊಡೆದ. “ತಡಿಯೋ, ಬಾಯಾರು ಅಳಾಕತ್ತಾರ,” ಎಂದು ಅವಳು ಅವನಿಗೇ ಬೈದಳು.

ಮನೆಯೊಳಗೆ ಬಂದರೆ ಅಣ್ಣ ಮಾತಾಡುತ್ತಲೇ ಇದ್ದ. ನಾನು ಎದ್ದು ಹೋದದ್ದೇ ಅವನಿಗೆ ತಿಳಿದಿರಲಿಲ್ಲ. ತೆರೆದ ಅಂಗೈಯನ್ನು ಖಾಲಿ ಕುರ್ಚಿಯ ಕಡೆ ಚಾಚಿಕೊಂಡು, “ಬದಲಿ ಮಾಡಿದಾಗ ಹತ್ತಿತೆಂದ್ರ ವಾಲ್ವ್ ಚಲೋ ಐತಿ, ಅದು ಕುಂಡ್ರು ಜಾಗಾ ಕೆಟ್ಟೈತಿ. ತಿಳೀತಾ? … ತಂಗೀ, ತಿಳೀತಾ?” ಎನ್ನುತ್ತಿದ್ದ. ಎಷ್ಟು ಸಲ ಕೇಳಿದ್ದನೋ. ಕಸದ ಕೈಯನ್ನು ಸೀರೆಗೆ ಒರೆಸಿಕೊಂಡು ಅವನ ಅಂಗೈ ತಟ್ಟಿದೆ.

ಡಿ ವಾಲ್ವನ್ನು ಟೆಂಡರ್ ಸೈಡಿನ ಕುಳಿಯಲ್ಲಿಟ್ಟೆ. ಕೆಂಪಗೆ ಉರಿಯಿತು. ಹಾಗಾದರೆ ಟಿ ಸುಟ್ಟಿರಲಿಲ್ಲ, ಡಿ ಕೆಟ್ಟಿರಲಿಲ್ಲ. ಕೆಟ್ಟದ್ದು ಕುಳಿ.

ಮತ್ತೆ ಪ್ಲಗ್ ತೆಗೆದು, ಕಾದು, ಕೈಯನ್ನು ಸೆರಗಿಗೆ ಸಿಕ್ಕಿಸಿಕೊಂಡು ಕರೆಂಟು ಇಳಿಸಿ, ಪೆಟ್ಟಿಗೆಯನ್ನು ಬೋರಲು ಹಾಕಿದೆ. ಕೆಳಗೆಲ್ಲ ವೈರಿನ ಗೂಡು. ಡ್ರೈವ್ ಸೈಡಿನ ಕುಳಿಯ ಕಾಲುಗಳಿಗೆ ಹಾಕಿದ ಬೆಸುಗೆಯ ಹನಿಗಳನ್ನು ಭೂತಗನ್ನಡಿಯಲ್ಲಿ ಒಂದೊಂದೇ ನೋಡಲು ಹೇಳಿದ. “ಹೊಳೀತಿದ್ರ ಚಲೋ. ಸುತ್ತಲೂ ಗೆರಿ ಬಿದ್ದು ಮಂಕ ಆಗಿದ್ರ ಅದ ಡ್ರೈ ಸೋಲ್ಡರ್.” ನಾಲ್ಕನೆಯ ಹನಿಯ ಸುತ್ತ ಕೂದಲೆಳೆಯಷ್ಟು ಕಪ್ಪು ಉಂಗುರ. ಕಡ್ಡಿಯಿಂದ ಮುಟ್ಟಿದರೆ ವೈರು ಅಲುಗಿತು. ಅವನ ಕೈಯನ್ನು ಒಂದು ಸಲ, ಬೇಕಾದ್ದಕ್ಕಿಂತ ಜೋರಾಗಿ, ತಟ್ಟಿದೆ.

“ನನ್ನ ಸೋಲ್ಡರ್ ಹೋಗೇತಿ?” ಅವನಿಗೆ ನೋವಾಯಿತು ಎಂದು ಕಾಣುತ್ತದೆ. “ಇರಲಿ. ಕಾಯ್ಸು.”

ಸೋಲ್ಡರಿಂಗ್ ಐರನ್ ಕಾಯಿತು. ಅಟ್ಟದ ಮೇಲೆ ಅದನ್ನು ಹುಡುಕುವುದರಲ್ಲೇ ಮಧ್ಯಾಹ್ನ ಕಳೆದು, ಗಂಟೆ ನಾಲ್ಕು ಹೊಡೆದಿತ್ತು. ಮೊದಲ ಸಲ ಹನಿ ಉರುಳಿ ಮೇಜಿನ ಮೇಲೆ ಬಿತ್ತು. ಎರಡನೆಯ ಸಲ ಪಕ್ಕದ ಕಾಲಿಗೂ ಹತ್ತಿಕೊಂಡಿತು, ಕರಗಿಸಿ ಹೀರಿ ತೆಗೆಯಬೇಕಾಯಿತು. “ತಂತಿ ಕಾಯಲಿ ಮೊದಲ. ಕಾಯ್ದ ತಂತಿ ತಾನ ಸೋಲ್ಡರ್ ಕುಡೀತೈತಿ. ಗಡಿಬಿಡಿ ಮಾಡಬ್ಯಾಡ, ಕಾನ್ವೆಂಟ್ ಬಾಯಿಸಾಬ.” ಗಡಿಬಿಡಿ ಯಾಕೆಂದು ಅವನಿಗೆ ಗೊತ್ತಿರಲಿಲ್ಲ. ಐದು ಗಂಟೆಯ ವಿಷಯವನ್ನು ನಾನು ಅವನ ಅಂಗೈಗೆ ಬರೆದಿರಲಿಲ್ಲ. ಉಸಿರು ಹಿಡಿದು, ಸೂಜಿಗೆ ದಾರ ಪೋಣಿಸುವ ಹಾಗೆ ತುದಿಯಿಟ್ಟು ಒಂದು, ಎರಡು ಎಂದು ಎಣಿಸಿದೆ. ಮೂರನೆಯ ಸಲ ಹನಿ ಹರಡಿ, ಹೊಳೆದು, ಕೂತಿತು.

ಎರಡೂ ವಾಲ್ವು ಕೆಂಪಾದವು. ಹೆಡ್‌ಫೋನನ್ನು ಅವನ ತಲೆಗೆ ಏರಿಸಿದೆ. ಮೈಕು ಹಿಡಿದೆ.

“ಅಣ್ಣಾ.”

“ಕೂಗಬ್ಯಾಡ. ಕೇಳತೈತಿ.”

ಹಿಂದಿನ ದಿನ ಒಂದೇ ಉಸಿರಿಗೆ ಓಡಿಸಿದ್ದನ್ನು ಈ ಸಲ ನಿಂತು ನಿಂತು ಹೇಳಿದೆ. ಮೆತ್ತಗೆ ಮಾಡಬಹುದಿತ್ತು, ಏನೂ ಆಗೂದಿಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ಅವನು ಎರಡೇ ಪ್ರಶ್ನೆ ಕೇಳಿದ.

“ಮಾಡಸ್ಕೊಳ್ದ ಇದ್ರ ಬ್ಯಾನಿ ಭಾಳ ಇರತೈತೇನು?”

“ಇರತೈತಂತ.”

“ನೀ ಡಾಕ್ಟರ ಜಾಗಾದಾಗ ಇದ್ರ ಏನಂತಿದ್ದಿ?”

“ನಾ ಡಾಕ್ಟರ್ ಅಲ್ಲಣ್ಣ. ನಂಗ ನೀ ಬೇಕು. ಹಂಗಾಗಿ ನನ್ನ ಕೇಳಬ್ಯಾಡ.”

ಗಡಿಯಾರ ನೋಡಬಾರದೆಂದು ನಾನು ವಾಲ್ವುಗಳನ್ನೇ ನೋಡುತ್ತ ಕೂತೆ. “ಹೋಗೂಣು,” ಎಂದ. ಐದಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ಆಸ್ಪತ್ರೆಗೆ ಫೋನ್ ಮಾಡಿದೆ. ಆ ಸಂಜೆಯೂ ಮರುದಿನವೂ ನಾವು ಮಾತಾಡಿದಷ್ಟು ಎಂದೂ ಆಡಿರಲಿಲ್ಲ. ಹೆಚ್ಚಿನದು ಜಗಳವೇ, ಅತ್ತಿಗೆಯ ಬಳೆ ಯಾರಿಗೆ ಕೊಡಬೇಕು ಎಂಬುದಕ್ಕೆ.

ಗುರುವಾರ ಹುಬ್ಬಳ್ಳಿಯಲ್ಲಿ ಥಿಯೇಟರಿಗೆ ಒಯ್ಯುವಾಗ ಹೆಡ್‌ಫೋನು, ಹಲ್ಲಿನ ಸೆಟ್ಟು, ಉಂಗುರ ಎಲ್ಲ ತೆಗೆದು ನನ್ನ ಕೈಗೆ ಕೊಟ್ಟರು. ಸ್ಟ್ರೆಚರನ್ನು ತಳ್ಳುತ್ತಿದ್ದವನು ನಡುವಯಸ್ಸಿನ ಒಬ್ಬ. ಅಣ್ಣ ಪಕ್ಕದ ಪೈಪಿನ ಮೇಲೆ ಕೈಯಿಟ್ಟುಕೊಂಡು ಮಲಗಿದ್ದ. ಬಾಗಿಲ ಹತ್ತಿರ ಬಂದಾಗ ತಲೆಯೆತ್ತಿದ.

“ಏ ತಮ್ಮಾ, ನಿಲ್ಲಸು. ಮುಂದಿನ ಗಾಲೀದು ಬೇರಿಂಗ್ ಹೋಗೇತಿ. ಒಂದ್ ಹನಿ ಎಣ್ಣಿ ಬಿಡ್ರಿ, ಇಲ್ಲಾಂದ್ರ ಯಾರನರ ಒಯ್ಯುವಾಗ ಜಾಮ್ ಆಕ್ಕೈತಿ.”

ಗಾಲಿ ಕಿರುಗುಟ್ಟುತ್ತಿದ್ದುದು ನಿಜ. ಅವನಿಗೆ ಕೇಳಿರಲಿಲ್ಲ, ಕೈಗೆ ತಿಳಿದಿತ್ತು. ಆ ಮನುಷ್ಯ “ಆತ್ರಿ ಅಜ್ಜಾರ” ಎಂದು ತಲೆಯಾಡಿಸಿದ. ಅದು ಅಣ್ಣನಿಗೆ ಕೇಳಲೂ ಇಲ್ಲ, ಕಾಣಲೂ ಇಲ್ಲ. ಉತ್ತರ ಬರಲಿಲ್ಲವೆಂದುಕೊಂಡು, ಎಣ್ಣೆ ಎಲ್ಲಿ ಬಿಡಬೇಕೆಂದು ಕೈ ಕೆಳಗೆ ಇಳಿಬಿಟ್ಟು ಗಾಲಿಯ ಕಡೆ ಬೆರಳು ಮಾಡಿ ತೋರಿಸುತ್ತಿದ್ದ. ಬಾಗಿಲು ಮುಚ್ಚುವಾಗಲೂ ತೋರಿಸುತ್ತಲೇ ಇದ್ದ. ನಾನು ಅವನನ್ನು ಜೀವಂತ ಕೊನೆಯ ಸಲ ನೋಡಿದ್ದು ಹಾಗೆ.