ನೋಡಿಸಿಕೊಳ್ಳುವ ಕೆಲಸ

ಶನಿವಾರ ಬೆಳಗಿನ ಆರು ಗಂಟೆ. ಚಿತ್ರಕಲಾ ಸಂಘದ ಬಾಗಿಲಿಗೆ ಎರಡು ಬೀಗ. ಮೇಲಿನದು ಸಭ್ಯಸ್ಥ, ಒಂದೇ ತಿರುವಿಗೆ ಬಿಟ್ಟುಕೊಳ್ಳುತ್ತದೆ. ಕೆಳಗಿನದಕ್ಕೆ ಮೊಣಕಾಲಿನಿಂದ ಒಂದು ಗುದ್ದು ಬೇಕು. ಅಕ್ಕ ಕತ್ತಲಲ್ಲೇ ಎರಡನ್ನೂ ತೆಗೆದು ಒಳಗೆ ಹೋಗುತ್ತಾರೆ. ಅವರಿಗೆ ಈಗ ಅರವತ್ಮೂರು. ಸಂಘದಲ್ಲಿ ಚಿಕ್ಕವರು ದೊಡ್ಡವರು ಎನ್ನದೆ ಎಲ್ಲರೂ ಅವರನ್ನು ಅಕ್ಕ ಎನ್ನುತ್ತಾರೆ, ತರಗತಿಗೆ ಸೇರಿದ, ಅವರಿಗಿಂತ ಎಂಟು ವರ್ಷ ದೊಡ್ಡವರಾದ ಒಬ್ಬ ಮೆಕ್ಯಾನಿಕ್ ಕೂಡ.

ಮೊದಲು ಕಸ ಗುಡಿಸುತ್ತಾರೆ. ಶುಕ್ರವಾರದ ಜಲವರ್ಣದ ತರಗತಿಯವರು ನೆಲದ ಮೇಲೂ ಕೈ ಆಡಿಸಿ ಹೋಗಿರುತ್ತಾರೆ, ಅದನ್ನು ಒದ್ದೆ ಬಟ್ಟೆಯಲ್ಲಿ ಉಜ್ಜುತ್ತಾರೆ. ಆಮೇಲೆ ಗೋಡೆಗೆ ಒರಗಿಸಿದ ಸ್ಟ್ಯಾಂಡುಗಳನ್ನು ಒಂದೊಂದಾಗಿ ತಂದು ಅರ್ಧ ಚಂದ್ರದ ಹಾಗೆ ನಿಲ್ಲಿಸಿ, ಒಂದೊಂದರ ಮೇಲೆ ಒಂದೊಂದು ಹಲಗೆ ಇಡುತ್ತಾರೆ. ಒಟ್ಟು ಹನ್ನೆರಡು. ನಡುವಿನ ಗಿಡ್ಡ ವೇದಿಕೆಯ ಮೇಲೆ ಕುರ್ಚಿ ಹಾಕಿ, ಮಂಡಿಯೂರಿ, ಸೀಮೆಸುಣ್ಣದಿಂದ ಗುರುತು ತಿದ್ದುತ್ತಾರೆ. ಕುರ್ಚಿಯ ಕಾಲಿಗೆ ನಾಲ್ಕು, ತಮ್ಮ ಪಾದಕ್ಕೆ ಎರಡು.

ಎಂಟು ಗಂಟೆಗೆ ಅದೇ ಅಕ್ಕ ಪೊರಕೆ ಮೂಲೆಗಿಟ್ಟು, ಕಂದು ಶಾಲು ಹೊದ್ದು, ಆ ಗುರುತುಗಳ ಮೇಲೆ ಪಾದ ಇಟ್ಟು ಕೂರುತ್ತಾರೆ. ಅಲ್ಲಿಂದ ಮುಂದೆ ಅವರ ಕೆಲಸ ಅಲ್ಲಾಡದೆ ಇರುವುದು. ಭಾವಚಿತ್ರದ ತರಗತಿಗೆ ಅವರೇ ಮಾಡೆಲ್.

“ಕೂತು ತಿನ್ನೋ ಕೆಲಸ ಅಂತ ನಮ್ಮ ತಂಗಿ ಆಡ್ಕೋತಾಳೆ. ಒಂದಿನ ಬಂದು ಕೂತು ನೋಡು ಅಂದೆ. ನಾಲ್ಕು ನಿಮಿಷಕ್ಕೆ ಮೂಗು ಕೆರ್ಕೊಂಡ್ಳು,” ಎಂದು ನಗುತ್ತಾರೆ ಅಕ್ಕ.

ಲೆಕ್ಕ ಹೀಗಿದೆ. ಇಪ್ಪತ್ತು ನಿಮಿಷ ಕೂರುವುದು, ಐದು ನಿಮಿಷ ಬಿಡುವು. ಬೆಳಿಗ್ಗೆ ಇಂಥ ಆರು ಸುತ್ತು. ಒಂದೇ ಭಂಗಿ ಐದು ವಾರ ನಡೆಯುತ್ತದೆ. ಹತ್ತೊಂಬತ್ತು ವರ್ಷದಲ್ಲಿ ರಜೆ ಕಳೆದರೂ ಒಂಬೈನೂರು ಶನಿವಾರ ಆಗಿರಬೇಕು. ಅವರ ಮುಖ ಇರುವ ಕಾಗದಗಳು ಊರಿನ ಅಟ್ಟಗಳಲ್ಲಿ, ಮಂಚದ ಕೆಳಗೆ, ರದ್ದಿ ಅಂಗಡಿಗಳಲ್ಲಿ ಸಾವಿರಗಟ್ಟಲೆ ಬಿದ್ದಿವೆ. ಅವರ ಮನೆಯಲ್ಲಿರುವುದು ಒಂದೇ, ಅದರ ಕಥೆ ಮುಂದೆ ಬರುತ್ತದೆ.

ಅಕ್ಕ ಈ ಕೆಲಸಕ್ಕೆ ಹುಡುಕಿಕೊಂಡು ಬಂದವರಲ್ಲ. ಗುಂಡಿ ತಯಾರಿಸುವ ಕಾರ್ಖಾನೆಯಲ್ಲಿ ಒಡೆದ ಗುಂಡಿ ಆರಿಸುವ ಕೆಲಸ ಇತ್ತು, ಕಾರ್ಖಾನೆ ಮುಚ್ಚಿತು. ಸಂಘಕ್ಕೆ ಕಸ ಗುಡಿಸಲು ಸೇರಿದರು. ಮೂರನೆಯ ವಾರ ಮಾಡೆಲ್ ಬರಲಿಲ್ಲ. ಮೇಷ್ಟ್ರು ಅತ್ತಿತ್ತ ನೋಡಿ, ಪೊರಕೆ ಹಿಡಿದು ನಿಂತಿದ್ದ ಇವರಿಗೆ “ಸ್ವಲ್ಪ ಹೊತ್ತು ಕೂತ್ಕೊಳ್ಳಮ್ಮ” ಎಂದರು. ಆ ಸ್ವಲ್ಪ ಹೊತ್ತು ಇನ್ನೂ ಮುಗಿದಿಲ್ಲ. ಗಂಡ ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದವರು, ತೀರಿಕೊಂಡು ಹನ್ನೊಂದು ವರ್ಷವಾಯಿತು. ಮಕ್ಕಳಿಲ್ಲ. ಸೈಕಲ್ ಅಂಗಡಿಯ ಮೇಲಿನ ಒಂದು ಕೋಣೆ, ಒಂದು ಸ್ಟವ್, ಬಚ್ಚಲ ಬಳಿ ಅಂಗೈಯಗಲದ ಕನ್ನಡಿ. ತಂಗಿ ತಿಂಗಳಿಗೊಮ್ಮೆ ಫೋನ್ ಮಾಡುತ್ತಾಳೆ, ಹೆಚ್ಚಾಗಿ ತನ್ನ ಕಥೆ ಹೇಳಿ ಇಡುತ್ತಾಳೆ.

“ಸೋಮವಾರದಿಂದ ಶುಕ್ರವಾರದವರೆಗೆ ನಾನು ತಲೆ ಬೋಳಿಸ್ಕೊಂಡ್ರೂ ಏನಾಯ್ತು ಅಂತ ಕೇಳೋರಿಲ್ಲ. ಶನಿವಾರ ಹಾಗಲ್ಲ ನೋಡಿ. ಹನ್ನೆರಡು ಜನ ಕಣ್ಣು ಕಿರಿದು ಮಾಡ್ಕೊಂಡು ನನ್ನ ಕಿವಿ ಎಷ್ಟು ಕೆಳಗಿದೆ, ಗಲ್ಲ ಎಷ್ಟು ಮುಂದಿದೆ ಅಂತ ಅಳೀತಾರೆ. ‘ಅಕ್ಕ, ಎಡಗಣ್ಣು ಊದಿದೆಯಲ್ಲ, ನಿದ್ದೆ ಬರ್ಲಿಲ್ವಾ’ ಅಂತಾರೆ. ನಿದ್ದೆ ಅಲ್ಲ, ಹಿಂದಿನ ರಾತ್ರಿ ಅತ್ತಿರ್ತೀನಿ. ಹೇಳಲ್ಲ. ಆದ್ರೆ ಯಾರಿಗೋ ಕಂಡಿತಲ್ಲ ಅಂತ ಒಂಥರಾ ಆಗತ್ತೆ.”

ಕಂಡದ್ದರಿಂದಲೇ ಅಕ್ಕ ಇವತ್ತು ಇದ್ದಾರೆ ಎಂದರೆ ಉತ್ಪ್ರೇಕ್ಷೆಯಲ್ಲ.

ಎರಡು ವರ್ಷದ ಹಿಂದಿನ ಮಾತು. ತರಗತಿಯಲ್ಲಿ ಒಬ್ಬ ನಿವೃತ್ತ ಲಾರಿ ಮೆಕ್ಯಾನಿಕ್ ಇದ್ದರು. ಊರಿಗೆಲ್ಲಾ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎನ್ನುವಂಥ ಆಸಾಮಿ. ಉಳಿದವರು ಅಕ್ಕನ ಮುಖಕ್ಕೆ ತುಸು ನಯ, ತುಸು ದಯೆ ಸೇರಿಸಿ ಬರೆದರೆ, ಈ ಮನುಷ್ಯ ಕೆಟ್ಟ ಇಂಜಿನ್ನಿನ ನಕ್ಷೆ ಬರೆದ ಹಾಗೆ ಇದ್ದದ್ದನ್ನು ಇದ್ದಲ್ಲೇ ಇಳಿಸುತ್ತಿದ್ದರು. ಅದೂ ನಟ್ಟು ಬಿಗಿಯುವ ಕೈ, ಪೆನ್ಸಿಲ್ ಒತ್ತಿದ ಒತ್ತಿಗೆ ಕಾಗದದ ಬೆನ್ನಿನಲ್ಲೂ ಗೆರೆ ಏಳುತ್ತಿತ್ತು. ಅವರ ಚಿತ್ರದಲ್ಲಿ ಅಕ್ಕನ ಕತ್ತು ಬಲಗಡೆ ಉಬ್ಬಿತ್ತು. ಮೇಷ್ಟ್ರು ಬಂದು, ಕತ್ತು ಹೀಗಿರುವುದಿಲ್ಲ ಎಂದು ರಬ್ಬರಿನಿಂದ ಅಳಿಸಿ, ನೇರ ಗೆರೆ ಎಳೆದು ತೋರಿಸಿದರು. ಮರುವಾರ ಮತ್ತೆ ಉಬ್ಬು. ಮತ್ತೆ ರಬ್ಬರು. ಹೀಗೆಯೇ ತಿಂಗಳುಗಟ್ಟಲೆ ಒಬ್ಬರು ಬರೆಯುವುದು, ಒಬ್ಬರು ಅಳಿಸುವುದು ನಡೆಯಿತು. ಮುದುಕನಿಗೆ ಕತ್ತು ಕೂರುವುದೇ ಇಲ್ಲ ಎಂದು ತರಗತಿಯಲ್ಲಿ ಅದೊಂದು ತಮಾಷೆಯಾಯಿತು.

ಒಂದು ಶನಿವಾರ ಮೆಕ್ಯಾನಿಕ್ ತಾಳ್ಮೆ ಕಳೆದುಕೊಂಡರು. ಕನ್ನಡಕ ಹಣೆಗೇರಿಸಿ ನೇರವಾಗಿ ವೇದಿಕೆಗೆ ಬಂದು ಅಕ್ಕನ ಮುಂದೆ ಬಗ್ಗಿದರು.

“ಅಕ್ಕ, ಒಂದ್ಸಲ ಎಂಜಲು ನುಂಗಿ.”

ಅಕ್ಕ ನುಂಗಿದರು. ಕತ್ತಿನಲ್ಲಿ ಏನೋ ಮೇಲೆ ಹೋಗಿ ಕೆಳಗಿಳಿಯಿತು.

“ಇದೆ ಮೇಷ್ಟ್ರೆ. ನನ್ನ ಗೆರೆ ತಪ್ಪಲ್ಲ,” ಎಂದರು ಮೆಕ್ಯಾನಿಕ್. ಆ ದಿನ ಯಾರೂ ಮುಂದೆ ಬರೆಯಲಿಲ್ಲ.

ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಒಪ್ಪಿಕೊಳ್ಳೋಣ. ಆದರೆ ಬೈತಲೆ ತೆಗೆಯುವಷ್ಟೇ ದೊಡ್ಡ ಕನ್ನಡಿ ಇರುವ ಒಂಟಿ ಹೆಂಗಸಿಗೆ ಕತ್ತಿನ ಗಂಟು ಕಾಣುವುದು ಹೇಗೆ? ನೋವಿರಲಿಲ್ಲ. ಚಳಿಗೆ ಶಾಲು ಹೊದ್ದರೆ ಮುಗಿಯಿತು. ಆಸ್ಪತ್ರೆಯಲ್ಲಿ ಡಾಕ್ಟರು ಎಷ್ಟು ದಿನದಿಂದ ಇದೆ ಎಂದು ಕೇಳಿದರೆ ಅಕ್ಕನ ಬಳಿ ಉತ್ತರವಿಲ್ಲ. ಉತ್ತರ ಸಂಘದ ಬೀರುವಿನಲ್ಲಿತ್ತು. ಮೆಕ್ಯಾನಿಕ್ ಬರೆದ ಹದಿನೇಳು ಹಾಳೆಗಳನ್ನು ಸಂಘದವರು ತಾರೀಖಿನ ಪ್ರಕಾರ ಮೇಜಿನ ಮೇಲೆ ಜೋಡಿಸಿ, ಒಂದೊಂದನ್ನೇ ಓರೆಯಾಗಿ ಬೆಳಕಿಗೆ ಹಿಡಿದರು. ಮೇಷ್ಟ್ರು ಅಳಿಸಿದ ಗೆರೆಗಳ ಒತ್ತು ಹಾಗೇ ಇತ್ತು. ಹದಿಮೂರು ಹಾಳೆಯಲ್ಲಿ ಉಬ್ಬು, ಒಂದರಿಂದ ಒಂದಕ್ಕೆ ಕೂದಲೆಳೆಯಷ್ಟು ದೊಡ್ಡದು. ಏಳು ತಿಂಗಳಿಂದ ಇದೆ ಎಂದು ಕಾಗದ ಹೇಳಿತು. ಕೆಟ್ಟ ಗಂಟೇ ಅದು. ಸರಿಯಾದ ಹೊತ್ತಿಗೆ ಬಂದಿರಿ ಎಂದರು ಡಾಕ್ಟರು.

ಶಸ್ತ್ರಚಿಕಿತ್ಸೆಯಾಗಿ ಒಂಬತ್ತು ವಾರಕ್ಕೆ ಅಕ್ಕ ಮತ್ತೆ ಕುರ್ಚಿಗೆ ಬಂದರು. ಅಂದಿನಿಂದ ಮೇಷ್ಟ್ರು ತರಗತಿಯಲ್ಲಿ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಓಡಾಡುತ್ತಾರೆ. ಯಾರ ಹಾಳೆಯನ್ನೂ ಮುಟ್ಟುವುದಿಲ್ಲ. “ಕತ್ತು ಹೇಗಿರ್ಬೇಕು ಅಂತ ನಂಗೆ ಗೊತ್ತಿತ್ತು. ಅಕ್ಕನ ಕತ್ತು ಹೇಗಿದೆ ಅಂತ ಅವ್ರಿಗೆ ಗೊತ್ತಿತ್ತು,” ಎಂದಷ್ಟೇ ಹೇಳಿ ಮಾತು ಬದಲಿಸುತ್ತಾರೆ.

ಆ ಹಾಳೆಗಳಲ್ಲಿ ಒಂದು ಅಕ್ಕನ ಮನೆಯಲ್ಲಿದೆ. ಸಂಘದ ಚಾವಣಿ ಸೋರುತ್ತದೆಂದು ಹೋದ ವರ್ಷ ಚಿತ್ರ ಮಾರಾಟ ಮಾಡಿದಾಗ ಯಾರೋ ಅದಕ್ಕೆ ಒಳ್ಳೆಯ ಬೆಲೆ ಹೇಳಿದ್ದರಂತೆ. ಅಕ್ಕ ಕೊಡಲಿಲ್ಲ. “ಅದು ಚಿತ್ರ ಅಲ್ಲ, ನನ್ನ ರಿಪೋರ್ಟು,” ಎಂದು ಎಕ್ಸ್‌ರೇ ಕವರಿನ ಜೊತೆಗೇ ಇಟ್ಟುಕೊಂಡಿದ್ದಾರೆ.

ಈಗ ತೊಂದರೆ ಬಂದಿರುವುದು ಅಕ್ಕನ ಕತ್ತಿಗಲ್ಲ, ತರಗತಿಯ ಕತ್ತಿಗೆ. ನೂರ ನಲವತ್ತು ಸದಸ್ಯರಿದ್ದ ಸಂಘ ಎಂಬತ್ಮೂರಕ್ಕೆ ಇಳಿದಿದೆ. ಹನ್ನೆರಡು ಜನ ಇಲ್ಲದ ತರಗತಿಗೆ ಸಭಾಂಗಣ ಕೊಡುವಂತಿಲ್ಲ ಎಂದು ಸಭೆ ತೀರ್ಮಾನಿಸಿದೆ. ನಾಲ್ಕು ತಿಂಗಳ ಹಿಂದೆ ಮೆಕ್ಯಾನಿಕ್‌ಗೆ ಲಕ್ವ ಹೊಡೆದು ಬಲಗೈ ನಡುಗತೊಡಗಿತು. ಅವರು ಬರುವುದನ್ನು ನಿಲ್ಲಿಸಿದರು. ಹನ್ನೆರಡು ಹೋಗಿ ಹನ್ನೊಂದಾಯಿತು.

“ತಿಂಗಳ ಕೊನೇ ಶನಿವಾರದವರೆಗೆ ಕಾಯ್ತೀನಿ ಅಕ್ಕ. ಅದಕ್ಕಿಂತ ಹೆಚ್ಚು ನನ್ನ ಕೈಲಿಲ್ಲ,” ಎಂದರು ಸಂಘದ ಕಾರ್ಯದರ್ಶಿ. ಅಕ್ಕನಿಗೆ ಕಸ ಗುಡಿಸುವ ಕೆಲಸ ಹೇಗೂ ಇರುತ್ತದೆ, ಸಂಬಳಕ್ಕೆ ಅಂಥ ಧಕ್ಕೆಯಿಲ್ಲ. ಹೋಗುವುದು ಆ ಕುರ್ಚಿ.

ಅಕ್ಕ ಸದಸ್ಯತ್ವದ ಅರ್ಜಿಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟರು. ಬೇಕರಿ, ಇಸ್ತ್ರಿ ಅಂಗಡಿ, ಬಸ್ ನಿಲ್ದಾಣದ ಬೆಂಚು. ಕತ್ತು ಕೊಯ್ದ ಡಾಕ್ಟರಿಗೂ ಒಂದು ಕೊಟ್ಟರು, ಅವರು ಭಕ್ತಿಯಿಂದ ಪಡೆದು ಡ್ರಾಯರಿನಲ್ಲಿಟ್ಟರು. ಇಪ್ಪತ್ಮೂರು ಅರ್ಜಿ ಹೋದವು, ಒಂದೂ ತಿರುಗಿ ಬರಲಿಲ್ಲ. ಈ ವರ್ಷದ ನಿಧಿಸಂಗ್ರಹದಲ್ಲಿ, ಹತ್ತು ನಿಮಿಷ ಯಾರು ಬೇಕಾದರೂ ಅಕ್ಕನ ಚಿತ್ರ ಬರೆಯಬಹುದು ಎಂದು ಟಿಕೆಟ್ ಇಟ್ಟರು. ಎರಡು ದಿನ, ನಲವತ್ತೊಂದು ಟಿಕೆಟ್, ಸೊಂಟ ಹಿಡಿದುಹೋಯಿತು. ಅದರಲ್ಲಿ ಒಬ್ಬಾಕೆ ಸದಸ್ಯೆಯೂ ಆದರು, ಹೂವು ಬರೆಯುವ ತರಗತಿಗೆ.

“ಹೂವು ಸಂಜೆಗೆ ಬಾಡತ್ತೆ, ಬಿಸಾಕ್ತಾರೆ. ನಾನು ಬಾಡಿದ್ಮೇಲೂ ಬಂದು ಕೂರ್ತೀನಲ್ರೀ. ಆದ್ರೂ ಜನಕ್ಕೆ ಹೂವೇ ಬೇಕು!” ಎಂದು ಅಕ್ಕ ನಕ್ಕರೂ ಆ ನಗು ಕಣ್ಣಿನವರೆಗೆ ಏರುವುದಿಲ್ಲ.

ಒಬ್ಬರ ಮನೆಗೆ ಮಾತ್ರ ಅವರು ಹೋಗಿರಲಿಲ್ಲ. ಕೈ ನಡುಗುವವರಿಗೆ ಬರೆಯಲು ಬನ್ನಿ ಎನ್ನುವುದು ಹೇಗೆ? ಗಾಯದ ಮೇಲೆ ಬರೆ ಎಳೆದಂತಲ್ಲವೇ? ಮೀನಮೇಷ ಎಣಿಸುತ್ತಾ ಮೂರು ವಾರ ಕಳೆದರು. ಕೊನೆಯ ಗುರುವಾರ ಮಧ್ಯಾಹ್ನ ಚೀಲದಲ್ಲಿ ಉಳಿದದ್ದು ಒಂದೇ ಅರ್ಜಿ.

ಬಾಗಿಲು ತೆಗೆದ ಸೊಸೆ, “ಮಾವ ಯಾರ ಹತ್ರಾನೂ ಮಾತಾಡಲ್ಲ. ಬೇಜಾರು ಮಾಡ್ಕೋಬೇಡಿ,” ಎಂದಳು. ಒಳಗೆ ಮೆಕ್ಯಾನಿಕ್ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು, ಬಲಗೈಯನ್ನು ಎಡಗೈ ಒತ್ತಿ ಹಿಡಿದಿತ್ತು. ಅಕ್ಕ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತೆಲ್ಲ ಬಿಟ್ಟು, ಗೋಡೆಗೂ ಅವರಿಗೂ ನಡುವೆ ಒಂದು ಸ್ಟೂಲು ಎಳೆದುಕೊಂಡು ಕೂತರು. ಏನು ಮಾಡುವುದೆಂದು ತಿಳಿಯದೆ, ತಮಗೆ ತಿಳಿದ ಒಂದೇ ಕೆಲಸ ಮಾಡಿದರು. ಪಾದ ಜೋಡಿಸಿ, ಕೈ ಮಡಿಲಿಗಿಟ್ಟು, ಅಲ್ಲಾಡದೆ ಕೂತರು.

ಸೊಸೆ ಟೀ ತಂದಿಟ್ಟಳು. ಟೀ ತಣ್ಣಗಾಯಿತು. ಇಪ್ಪತ್ತು ನಿಮಿಷ ಆಗಿರಬೇಕು, ಅಕ್ಕನಿಗೆ ಅದಕ್ಕೆ ಗಡಿಯಾರ ಬೇಡ.

“ಎಡಗಡೆ ಭುಜ ಇಳಿದಿದೆ,” ಎಂದರು ಮೆಕ್ಯಾನಿಕ್.

“ಹೌದಾ ಅಣ್ಣ?”

“ಅರ್ಧ ಬೆರಳು. ಚೀಲ ಆ ಕಡೆಗೇ ಹಾಕ್ಕೋತಿದೀರಾ?”

“ನಾಲ್ಕು ವಾರದಿಂದ ಹಾಕ್ಕೋತಿದೀನಿ. ಯಾರೂ ಹೇಳ್ಲೇ ಇಲ್ಲ.” ಇಷ್ಟು ಹೇಳುವಷ್ಟರಲ್ಲಿ ಅಕ್ಕನಿಗೆ ಅಳು ಬಂತು. ಹತ್ತೊಂಬತ್ತು ವರ್ಷದಲ್ಲಿ ಭಂಗಿ ಮುರಿದು ಅತ್ತದ್ದು ಅದೇ ಮೊದಲಂತೆ.

“ನನ್ನ ಕೈ ನೋಡಿದ್ರಲ್ಲ ಅಕ್ಕ. ನಾ ಬಂದು ಏನ್ ಮಾಡ್ಲಿ?”

“ಬರೀದಿದ್ರೆ ಬೇಡ. ನೋಡಿ, ಸಾಕು. ಕಣ್ಣು ನಡುಗಲ್ವಲ್ಲ.”

ಅಕ್ಕ ಅರ್ಜಿಯನ್ನು ತಣ್ಣಗಾದ ಟೀ ಲೋಟದ ಕೆಳಗಿಟ್ಟು ಎದ್ದು ಬಂದರು.

ಇವತ್ತು ಆ ಕೊನೆಯ ಶನಿವಾರ. ಎಂಟಕ್ಕೆ ಐದು ನಿಮಿಷ ಇದೆ. ಹನ್ನೊಂದು ಹಲಗೆಗಳ ಹಿಂದೆ ಜನ ಇದ್ದಾರೆ, ಹನ್ನೆರಡನೆಯದರ ಹಿಂದೆ ಗೋಡೆ ಇದೆ. ಕಾರ್ಯದರ್ಶಿ ಪಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. ಅಕ್ಕ ಶಾಲು ಹೊದ್ದುಕೊಂಡು, ಇನ್ನೂ ಕೂರದೆ, ಸೀಮೆಸುಣ್ಣ ಕೈಯಲ್ಲಿ ಹಿಡಿದೇ ಇದ್ದಾರೆ.

ಹೊರಗೆ ಮೊದಲು ಕೋಲಿನ ಸದ್ದು ಕೇಳುತ್ತದೆ, ಆಮೇಲೆ ಮೆಕ್ಯಾನಿಕ್ ಒಳಗೆ ಬರುತ್ತಾರೆ, ಬಾಗಿಲವರೆಗೆ ಸೊಸೆಯ ತೋಳು ಹಿಡಿದು, ಅಲ್ಲಿಂದ ಬಿಟ್ಟು. ಅರ್ಜಿಯ ಮೇಲೆ ಟೀ ಲೋಟದ ದುಂಡು ಕಲೆ ಇದೆ. ಎಡಗೈಯಲ್ಲಿ ಸಹಿ ಹಾಕುತ್ತಾರೆ. ಕಾರ್ಯದರ್ಶಿ ಎರಡು ಸಲ ಎಣಿಸುತ್ತಾರೆ, ಎರಡು ಸಲವೂ ಹನ್ನೆರಡು. ಪಟ್ಟಿ ಮತ್ತೆ ನೋಡುವುದು ಮೂರು ತಿಂಗಳಿಗೆ, ಅಲ್ಲಿಯವರೆಗೆ ತರಗತಿಗೆ ಭಯವಿಲ್ಲ. ಆಮೇಲಿನದು ಆಮೇಲೆ.

“ಹೊಸ ಭಂಗಿ. ಯಾವ ಕಡೆ ಕೂರ್ತೀರಿ ಅಕ್ಕ?” ಎನ್ನುತ್ತಾರೆ ಮೇಷ್ಟ್ರು, ಕೈ ಬೆನ್ನ ಹಿಂದೆ.

ಇಷ್ಟು ವರ್ಷ ಅಕ್ಕ ಕೂತದ್ದು ಗೋಡೆಯ ಕಡೆ ಓರೆಯಾಗಿ. ನೋಟ ಕದಲದಿರಲು ಅಲ್ಲೊಂದು ಮೊಳೆ ಇದೆ. “ಆ ಮೊಳೆ ನನ್ನ ಹತ್ತಿರದ ನೆಂಟ. ಅದರ ತುಕ್ಕೂ ನಂಗೆ ಬಾಯಿಪಾಠ. ಆದ್ರೆ ನನ್ನ ನೋಡೋರು, ನೋಡೋವಾಗ ಹೇಗಿರ್ತಾರೆ ಅಂತ ಒಂದ್ಸಲಾನೂ ನೋಡಿಲ್ಲ. ಆಸೆ ಅಂದ್ರೆ ಅದೊಂದೇ,” ಎಂದು ಮೊನ್ನೆಯಷ್ಟೇ ಹೇಳಿದ್ದರು.

ಅಕ್ಕ ಹಳೆಯ ಗುರುತುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ. ಕುರ್ಚಿಯನ್ನು ಜನರ ಕಡೆಗೆ ತಿರುಗಿಸಿ ಹೊಸ ಗುರುತು ಹಾಕಿ ಕೂರುತ್ತಾರೆ. ಎದುರಿಗೆ ಮೆಕ್ಯಾನಿಕ್. ಪೆನ್ಸಿಲ್ ಕಾಗದಕ್ಕೆ ತಾಗುವ ಮುಂಚೆಯೇ ಗಾಳಿಯಲ್ಲಿ ಗೆರೆ ಎಳೆಯುತ್ತಿದೆ. ಐದು ನಿಮಿಷ ಹೋಗುತ್ತದೆ.

“ಅಕ್ಕ, ಅಲ್ಲಾಡ್ಬೇಡಿ!” ಎಂದು ಗದರುತ್ತಾರೆ ಮೆಕ್ಯಾನಿಕ್.

ಇಡೀ ತರಗತಿ ಗೊಳ್ಳೆಂದು ನಗುತ್ತದೆ. ಮೆಕ್ಯಾನಿಕ್ ತಮ್ಮ ಕೈ ನೋಡಿಕೊಂಡು ತಾವೂ ನಗುತ್ತಾರೆ. ಅಕ್ಕ ಮಾತ್ರ ನಗುವುದಿಲ್ಲ, ಅದು ಅವರ ಕೆಲಸ. ಬಿಡುವಿನಲ್ಲಿ ಎಲ್ಲರೂ ಆ ಹಾಳೆಯ ಮುಂದೆ ನಿಲ್ಲುತ್ತಾರೆ. ಗೆರೆಗಳು ಅಂಕುಡೊಂಕಾಗಿವೆ, ಮೂಗು ಎಲ್ಲೋ ಹೋಗಿದೆ. ಎಡಭುಜ ಅರ್ಧ ಬೆರಳು ಇಳಿದಿದೆ. ಕತ್ತಿನ ಬುಡದಲ್ಲಿ ಗಾಯದ ಕಲೆ, ಇರಬೇಕಾದ ಜಾಗದಲ್ಲೇ ಇದೆ.

ಹನ್ನೊಂದು ಗಂಟೆಗೆ ಸಭಾಂಗಣ ಖಾಲಿ. ಅಕ್ಕ ಹಲಗೆಗಳನ್ನು ಗೋಡೆಗೆ ಒರಗಿಸಿ, ನೆಲ ಒರೆಸುತ್ತಾರೆ. ಮನೆಯಲ್ಲಿ ಕಾಯುವವರಿಲ್ಲ, ಅವಸರವೂ ಇಲ್ಲ. ನೋಡುವವರನ್ನು ನೋಡಿದಿರಲ್ಲ, ಹೇಗಿರುತ್ತಾರೆ ಎಂದು ಕೇಳಿದರೆ ಬಟ್ಟೆ ಹಿಂಡುತ್ತಾ ಯೋಚಿಸುತ್ತಾರೆ.

“ಎಲ್ರೂ ಬೈಯೋ ಹಾಗೆ ಮುಖ ಮಾಡ್ಕೊಂಡಿರ್ತಾರೆ. ನಮ್ಮಮ್ಮ ನನಗೆ ಜ್ವರ ಬಂದಾಗ ಹಾಗೇ ನೋಡ್ತಿದ್ಳು.”

ನೆಲವೆಲ್ಲ ಒರೆಸಿ ವೇದಿಕೆಯ ಬಳಿ ಬಂದಾಗ ಬಟ್ಟೆಯನ್ನು ಬಕೆಟ್ಟಿಗೆ ಹಾಕಿಬಿಡುತ್ತಾರೆ. ಸೀಮೆಸುಣ್ಣದ ಆರು ಗುರುತು ಹಾಗೇ ಉಳಿಯುತ್ತವೆ.

“ಅದನ್ನ ಮುಟ್ಟಲ್ಲ. ಬರೋ ಶನಿವಾರ ನಾನು ಅಲ್ಲೇ ಕೂರ್ಬೇಕು.”