ಆರಾಮಿದ್ದವರು ತಿನ್ನುವ ಬ್ರೆಡ್ಡು

ನಮ್ಮ ಕಡೆ ಬ್ರೆಡ್ಡು ಎಂದರೆ ಬೇನೆ ಬಿದ್ದವರ ಊಟ. ಬನಹಟ್ಟಿ ಪೇಟೆಯಲ್ಲಿ ಯಾರಾದರೂ ಬ್ರೆಡ್ಡಿನ ಪುಡಿಕೆ ಹಿಡಿದುಕೊಂಡು ಹೊರಟರೆ ಎದುರಿಗೆ ಬಂದವರು ನಿಂತು, "ಯಾರಿಗೆ ಆರಾಮಿಲ್ರಿ?" ಎಂದು ಕೇಳುತ್ತಿದ್ದರು. ಜ್ವರ ಬಂದವರಿಗೆ, ರೊಟ್ಟಿ ಜಗಿಯಲಾರದ ಮುದುಕರಿಗೆ ಅದನ್ನು ಹಾಲಿನಲ್ಲಿ ಅದ್ದಿ ತಿನ್ನಿಸುತ್ತಿದ್ದರು. ಇದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೂ ಆ ಶನಿವಾರ ಜಮಖಂಡಿಯಲ್ಲಿ ಅಪ್ಪನ ಮುಂದೆ ಬರ್ಗರ್ ತರಿಸಿ ಇಟ್ಟಾಗ ಇದು ನೆನಪಾಗಲಿಲ್ಲ.

ತಲೆಯಲ್ಲಿ ಬೇರೆ ವಿಷಯವಿತ್ತು. ನನ್ನ ತಂಗಿಗೆ ಧಾರವಾಡದ ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಸೀಟು ಸಿಕ್ಕಿತ್ತು. ಸೋಮವಾರ ಹೋಗಿ ಸೇರದಿದ್ದರೆ ಅದು ಕೈಬಿಟ್ಟಂತೆಯೇ. ಅಪ್ಪ ಒಲ್ಲೆ ಎಂದಿದ್ದ. ಓದು ಬೇಡ ಎನ್ನುವ ಮನುಷ್ಯನಲ್ಲ ಅವನು. ಅವನದು ಒಂದೇ ಪ್ರಶ್ನೆ: "ಆಕಿ ಹ್ವಾದ್ರ ಕಂಡಿಕಿ ಯಾರ ಸುತ್ತತಾರ?"

ಅಪ್ಪ ಮನೆಯಲ್ಲೇ ಕೈಮಗ್ಗ ಹಾಕಿಕೊಂಡಿದ್ದ ನೇಕಾರ. ಲಾಳಿಯೊಳಗೆ ಕೂಡುವ ಸಣ್ಣ ಕಂಡಿಕಿಗಳಿಗೆ ರಾಟಿಯ ಮೇಲೆ ನೂಲು ಸುತ್ತಿ ಕೊಡದಿದ್ದರೆ ಮಗ್ಗ ನಿಂತೇಬಿಡುತ್ತದೆ. ಅದು ಹೆಂಗಸರ ಕೆಲಸ. ನಮ್ಮ ಓಣಿಯಲ್ಲಿ ಗಂಡಸು ರಾಟಿಯ ಮುಂದೆ ಕೂತದ್ದನ್ನು ನಾನು ಕಂಡಿರಲಿಲ್ಲ. ಅವ್ವ ಸುತ್ತುತ್ತಿದ್ದಳು, ಅವಳ ಕಣ್ಣಿಗೆ ಪೊರೆ ಬಂತು. ಆಮೇಲೆ ನಾನು ಸುತ್ತಿದೆ. ರಾಟಿಯ ಮುಂದೆ ಪುಸ್ತಕ ತೆರೆದಿಟ್ಟುಕೊಂಡು, ಒಂದು ಕೈಯಲ್ಲಿ ನೂಲು ಹಿಡಿದು, ಜಮಖಂಡಿಗೆ ಬಸ್ಸಿನಲ್ಲಿ ತಿರುಗಾಡಿ ಬಿ.ಎ. ಮುಗಿಸಿದೆ. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲನೆಯವಳು ನಾನು. ಇದನ್ನು ಈಗಲೂ ಸಣ್ಣ ದನಿಯಲ್ಲಿ ಹೇಳಲು ನನಗೆ ಬರುವುದಿಲ್ಲ. ಆಮೇಲೆ ಜಮಖಂಡಿಯಲ್ಲೇ ಹೈಸ್ಕೂಲಿನ ನೌಕರಿ ಸಿಕ್ಕಿ ಬೆಳಗಿನ ಬಸ್ಸಿಗೆ ಹೊರಡತೊಡಗಿದ ಮೇಲೆ ರಾಟಿ ತಂಗಿಯ ಪಾಲಿಗೆ ಬಂತು. ಪಗಾರ ಕೊಡುತ್ತೇನೆ, ಯಾರನ್ನಾದರೂ ಹಚ್ಚಿಕೋ ಎಂದರೆ ಅಪ್ಪ, "ಪಾವರ್‌ಲೂಮ್ ಬಿಟ್ಟು ನಮ್ಮ ಮನಿಗೆ ಯಾರ್ ಬರ್ತಾರ?" ಎನ್ನುತ್ತಿದ್ದ. ಅದೂ ಖರೆಯೇ.

ಆ ಶನಿವಾರ ಅಪ್ಪನನ್ನು ಕೆಮ್ಮಿಗೆಂದು ಜಮಖಂಡಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಎದೆಯ ಫೋಟೊ ತೆಗೆಸಿ ನೋಡಿದ ಡಾಕ್ಟರು, "ಏನೂ ಇಲ್ಲ, ನೂಲಿನ ಧೂಳ ಅಷ್ಟ" ಎಂದು ಅವನ ಎದುರಿಗೇ ಹೇಳಿದರು. ಆಮೇಲೆ ಅವನನ್ನು ಹೊರಗೆ ಕೂಡಲು ಹೇಳಿ ನನ್ನೊಬ್ಬಳನ್ನೇ ಒಳಗೆ ನಿಲ್ಲಿಸಿಕೊಂಡು ಬಹಳ ಹೊತ್ತು ಮಾತಾಡಿದರು. ಹೊರಗೆ ಬರುವಾಗ ನನ್ನ ಮುಖ ಸಪ್ಪಗಿದ್ದಿರಬೇಕು. ಧಾರವಾಡದ ಮಾತು ಹೇಗೆ ತೆಗೆಯಲಿ ಎಂಬ ಚಿಂತೆ ನನ್ನದು.

ಚಹಾ ಎರಡು ಗುಟುಕಿಗೆ ಮುಗಿದುಹೋಗುತ್ತದೆ, ಅಷ್ಟರಲ್ಲಿ ಇಂಥ ಮಾತು ಮುಗಿಯುವುದಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಪುಣೆಯಲ್ಲಿ ಕೆಲಸ ಮಾಡಿ ಬಂದವನೊಬ್ಬ ಹೊಸ ಹೋಟೆಲು ಹಾಕಿದ್ದ. ಅಲ್ಲಿನ ಬರ್ಗರ್ ಬಗ್ಗೆ ನಮ್ಮ ಶಾಲೆಯ ಶಿಕ್ಷಕರೆಲ್ಲ ಮಾತಾಡುತ್ತಿದ್ದರು. ನಾನು ತಿಂದಿರಲಿಲ್ಲ. ಕೂತು ತಿನ್ನುವಂಥದ್ದಿರಬೇಕು ಎಂದುಕೊಂಡು ಎರಡು ಹೇಳಿದೆ.

"ಛಲೋ ಆತ್ರಿ ಅಕ್ಕೋರ" ಎಂದ ಮಾಲೀಕ. "ಮೊನ್ನೆ ಒಬ್ಬಾವ ಇದನ್ನ ಬಿಚ್ಚಿ, ಎರಡ ರೊಟ್ಟಿ ಕೊಟ್ಟೀರಿ, ಪಲ್ಯಾ ಸಾಲ್ದು ಅಂತ ಮತ್ತ ಪಲ್ಯಾ ಕೇಳಿದ."

"ತತ್ತಿ ಹಾಕೀರೇನು?" ಎಂದು ಅಪ್ಪ ಕೇಳಿದ.

"ಇಲ್ಲರಿ ಕಾಕಾ. ಬಟಾಟಿ ಅಷ್ಟ."

ಬಂತು. ಸೀಳಿದ ಬನ್ನು, ನಡುವೆ ತಟ್ಟಿ ಕರಿದ ಬಟಾಟಿ, ಉಳ್ಳಾಗಡ್ಡಿ, ಟಮಾಟಿ, ಕೆಂಪು ಸಾಸು. ಬಾಯಿ ಎಷ್ಟು ಅಗಲಿಸಿದರೂ ಸಾಲದು. ನಾನು ಎರಡೂ ಕೈಯಲ್ಲಿ ಹಿಡಿದು ಕಚ್ಚಿದೆ. ಸಾಸು ಮುಂಗೈಗೆ ಇಳಿಯಿತು, ಟಮಾಟಿಯ ಹೋಳು ಸೀರೆಯ ಮೇಲೆ ಬಿತ್ತು. ತಲೆಯೆತ್ತಿದರೆ ಅಪ್ಪ ತನ್ನದನ್ನು ಮುಟ್ಟಿರಲಿಲ್ಲ. ಬೆರಳ ತುದಿಯಿಂದ ಬನ್ನನ್ನು ಒತ್ತಿ ನೋಡುತ್ತಿದ್ದ.

"ಎಷ್ಟ ದಿನಾ ಅಂದಾರ?" ಎಂದ.

"ಯಾರ?"

"ಡಾಕ್ಟರ. ನನ್ನ ಮುಂದ ಮುಚ್ಚಬ್ಯಾಡ ಬೇ. ನಿಮ್ಮ ಮುತ್ಯಾಗ, ನಮ್ಮಪ್ಪಗ, ಕಡೀಕ ನಾನೂ ಬ್ರೆಡ್ಡ ತಂದು ತಿನಿಸೇನಿ. ಅಂವಗೂ ಏನಿಲ್ಲ ಅಂತನ ಹೇಳಿದ್ನಿ."

ಬಾಯಿ ತುಂಬ ತುತ್ತು. ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ನಾನು ಸುಮ್ಮನಿದ್ದದ್ದೇ ಅವನಿಗೆ ಉತ್ತರವಾಯಿತು. ಅಂಗಡಿಯವನ ಹತ್ತಿರ ಸಾಮಾನು ಹೇಳುವ ದನಿಯಲ್ಲಿ ಮಾತು ಮುಂದುವರಿಸಿದ.

"ಮಗ್ಗ ತಗದಬಿಡ್ರಿ. ಅವ್ವನ ಕಣ್ಣ ಮಾಡಸು. ಸಣ್ಣಾಕಿನ್ನ ಸೋಮವಾರ ಧಾರವಾಡಕ್ಕ ಕಳಸು. ಇನ್ನ ಕಂಡಿಕಿ ಯಾರಿಗೆ ಬೇಕು?"

ಒಂದು ತಿಂಗಳಿಂದ ಆ ಮಾತಿಗಾಗಿಯೇ ಅವನ ಹಿಂದೆ ಬಿದ್ದಿದ್ದೆ. ಅದು ಬಂದದ್ದು ಹೀಗೆ. ಅವನಿದ್ದರೆ ಅವಳಿಗೆ ಓದಿಲ್ಲ, ಹೋದರೆ ಇದೆ. ನಮ್ಮ ಮನೆಯ ಕಥೆ ಇಷ್ಟು ನೆಟ್ಟಗಿದೆ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಅಪ್ಪ ಅದನ್ನು ಹೇಳಿಬಿಟ್ಟಿದ್ದ, ಅದೂ ಕಣ್ಣಲ್ಲಿ ಹನಿ ನೀರಿಲ್ಲದೆ.

ತುತ್ತು ನುಂಗಿ, "ಅಪ್ಪಾ, ನಿನಗ ಏನೂ ಆಗಿಲ್ಲ. ಡಾಕ್ಟರು ಅವರ ಮಗನ ಸುದ್ದಿ ಮಾತಾಡಾಕತ್ತಿದ್ರು. ನನ್ನ ಕ್ಲಾಸಿನ್ಯಾಗ ಅದಾನ, ಓದೂದಿಲ್ಲ" ಎಂದೆ.

"ಅಷ್ಟೊತ್ತ?"

"ಅಂವ ಅಷ್ಟ ದಡ್ಡ ಅದಾನ."

ಅಪ್ಪ ನನ್ನ ಮುಖವನ್ನೇ ನೋಡಿದ. "ಮತ್ತ ಈ ಬ್ರೆಡ್ಡ ಯಾಕ ಬೇ?"

"ಇದು ಆರಾಮಿದ್ದಾವ್ರು ತಿನ್ನೂದು."

ನನ್ನ ಮಾತು ನಂಬದೆ ಮಾಲೀಕನನ್ನು ಕರೆದ. "ಇದನ್ನ ಆರಾಮಿದ್ದಾವ್ರು ತಿಂತಾರೇನೊ ತಮ್ಮಾ?"

"ತಿಂದ ಮ್ಯಾಲೂ ಆರಾಮ ಇರ್ತಾರ್ರಿ ಕಾಕಾ. ಈತನಕ ಯಾರೂ ತಿರಗಿ ಬಂದು ಬೈದಿಲ್ಲ."

ನನಗೆ ನಗು ಬಂತು. ಅಪ್ಪ ನಗಲಿಲ್ಲ. ಬನ್ನನ್ನು ಬಿಚ್ಚಿ, ಬಟಾಟಿ ಬೇರೆ, ಬ್ರೆಡ್ಡು ಬೇರೆ ಮಾಡಿ, ರೊಟ್ಟಿ ಮುರಿದಂತೆ ಮುರಿದು ಪೂರ್ತಿ ತಿಂದ. ಎದ್ದಾಗ, "ಸಣ್ಣಾಕಿಗೊಂದ ಕಟ್ಟಸು" ಎಂದ. ಧಾರವಾಡದ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕೊಟ್ಟ ಮಾತು ಸಾಯುವವನದು, ಇವನೋ ಬದುಕಿದ್ದಾನೆ. ಬಸ್ಸಿನಲ್ಲಿ ಕಬ್ಬಿನ ಹೊಲ ನೋಡುತ್ತ ಕೂತವನು ಬನಹಟ್ಟಿ ಹತ್ತಿರ ಬಂದಾಗ ಒಂದೇ ಸಲ ಬಾಯಿ ತೆರೆದ.

"ನಾ ಸತ್ರ ಕಲೀತಾಳ ಅಂದಂಗಾತಲ್ಲ."

ನಾನು ತಂಗಿಯ ಪುಡಿಕೆಯನ್ನು ತೊಡೆಯ ಮೇಲೆ ಎಳೆದುಕೊಂಡೆ.

ಮನೆಯಲ್ಲಿ ಅವ್ವ ಪುಡಿಕೆಯನ್ನು ಕೈಯಿಂದಲೇ ಸವರಿ ನೋಡಿ ಹೊಸ್ತಿಲ ಮೇಲೆ ಕುಸಿದು ಕೂತಳು. "ಬ್ರೆಡ್ಡ ತಂದೀರಿ. ಏನಂದ್ರು ಡಾಕ್ಟರು?"

"ಆರಾಮಿದ್ದಾವ್ರು ತಿನ್ನೂ ಬ್ರೆಡ್ಡ ಅದು, ಸುಮ್ನಿರು" ಎಂದ ಅಪ್ಪ. ಪುಡಿಕೆಯನ್ನು ತಂಗಿಯ ಕೈಗೆ ಕೊಟ್ಟು, ಟೊಪ್ಪಿಗೆ ತೆಗೆದು ಗೂಟಕ್ಕೆ ಹಾಕಿದ. ಮಗ್ಗದ ಕಡೆಗೆ ಹೋಗುತ್ತಾನೆ ಎಂದುಕೊಂಡೆ. ಅವನು ರಾಟಿಯ ಮುಂದೆ ಕಾಲು ಮಡಚಿ ಕೂತ.

"ಸೋಮವಾರ ಬಸ್ಸ ಹತ್ತೂದರಾಗ ನನಗಿದನ್ನ ಕಲಸು" ಎಂದು ತಂಗಿಗೆ ಹೇಳಿದ.

ಅವಳು ಕಚ್ಚಿದ ಬರ್ಗರ್ ಕೈಯಲ್ಲಿ ಹಿಡಿದುಕೊಂಡೇ ನಿಂತಳು. ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಆಮೇಲೆ ಕೈ ಒರೆಸಿಕೊಂಡು ಅವನ ಪಕ್ಕ ಕೂತು, ನೂಲಿನ ತುದಿಯನ್ನು ಕಂಡಿಕಿಗೆ ಸಿಕ್ಕಿಸಿ ಕೊಟ್ಟಳು. ಅಪ್ಪ ರಾಟಿ ಜೋರಾಗಿ ತಿರುವಿದ. ಎಳೆ ಪಟ್ಟನೆ ಹರಿಯಿತು.

"ಸಾವಕಾಶ, ಅಪ್ಪಾ."

ಓಣಿಯಲ್ಲಿ ಹೋಗುತ್ತಿದ್ದ ಇಬ್ಬರು ಗಂಡಸರು ನಡಿಗೆ ನಿಧಾನ ಮಾಡಿ ಒಳಗೆ ಇಣುಕಿದರು. ಹೆಜ್ಜೆಯ ಸಪ್ಪಳ ನಿಧಾನವಾದದ್ದು ಕೇಳಿ ಅವ್ವ ತಡವರಿಸುತ್ತ ಎದ್ದಳು.

"ಮಂದಿ ನೋಡಾಕತ್ತಾರ್ರಿ. ಬಾಗಲಾ ಹಾಕ್ಲೇನು?"

"ಬ್ಯಾಡ" ಎಂದ ಅಪ್ಪ, ಹರಿದ ಎಳೆಯ ತುದಿ ಹುಡುಕುತ್ತ. "ಬೆಳಕ ಬೇಕು."