ಮಡ್ಲು ತೋರ್ಸು

ಶಿವರಾಮಯ್ಯನವರಿಗೆ ಒಂದು ಕೆಟ್ಟ ಚಾಳಿಯಿತ್ತು. ಹೆಂಡತಿ ಹನುಮಕ್ಕ ತೋಟದಿಂದ ಬಂದಳೆಂದರೆ ಸಾಕು, "ಮಡ್ಲು ತೋರ್ಸು" ಅನ್ನುವುದು. ನಮ್ಮ ಗುಬ್ಬಿ ಸೀಮೆಯ ಹೆಂಗಸರಿಗೆ ಸೀರೆಯ ಮಡಿಲೇ ಚೀಲ. ಅಲಸಂದೆ ಕಂಡರೂ ಅಲ್ಲಿಗೆ, ಉದುರಿದ ಅಡಿಕೆ ಸಿಕ್ಕರೂ ಅಲ್ಲಿಗೆ. ಗಂಟು ಸುತ್ತಿ ಸೊಂಟಕ್ಕೆ ಸಿಕ್ಕಿಸಿದರೆ ಎರಡೂ ಕೈ ಖಾಲಿ. ಆ ಗಂಟಿಗೆ ಹನುಮಕ್ಕ ಕೈ ಹಾಕಿದಳೋ, ಈ ಮನುಷ್ಯನ ಮುಖ ಬಿಳಿಚಿಕೊಳ್ಳುತ್ತಿತ್ತು. ಅವಳು ಸಿಟ್ಟಿನಿಂದ ಗಂಟು ಬಿಚ್ಚಿ ಇದ್ದಬದ್ದದ್ದನ್ನೆಲ್ಲ ಜಗುಲಿಯ ಕಲ್ಲಿನ ಮೇಲೆ ಕೊಡವಿದ ಮೇಲೇ ಅವರಿಗೆ ಉಸಿರು. ನೆಂಟರು ಇದಕ್ಕೆ ಮಿಲಿಟ್ರಿ ಚೆಕ್ಕಿಂಗ್ ಅಂತ ಹೆಸರಿಟ್ಟು ನಗುತ್ತಿದ್ದರು. ಹನುಮಕ್ಕನೂ ಮೊದಮೊದಲು ನಕ್ಕಳು, ಆಮೇಲೆ ಬೈದಳು, ಆಮೇಲೆ ಬೇಸತ್ತಳು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ ನಿಜ, ಆದರೆ ಇದು ಹುಟ್ಟುಗುಣವಲ್ಲ, ಜಾಫ್ನಾದಿಂದ ತಂದದ್ದು.

ಹಾಗಲವಾಡಿಯ ಈ ಹುಡುಗ ಮೀಸೆ ಸರಿಯಾಗಿ ಮೂಡುವ ಮೊದಲೇ ಸೈನ್ಯಕ್ಕೆ ಸೇರಿದ್ದ. ಎಂಬತ್ತೇಳರಲ್ಲಿ ಶ್ರೀಲಂಕಾದ ಜನ ತಮ್ಮತಮ್ಮಲ್ಲೇ ಹೊಡೆದಾಡಿಕೊಳ್ಳುತ್ತಿದ್ದಾಗ, ಶಾಂತಿ ಕಾಯಿರಿ ಅಂತ ಇವರನ್ನು ಹಡಗು ಹತ್ತಿಸಿದರು. ಶಾಂತಿ ಎಲ್ಲಿಯದು! ಹೋದ ಸ್ವಲ್ಪ ದಿನಕ್ಕೇ ಇವರೂ ಆ ಯುದ್ಧದೊಳಗೆ ಸಿಕ್ಕಿಬಿದ್ದರು. ಊರಲ್ಲಿರುವಂಥದೇ ತೆಂಗು, ಬಾಳೆ, ಬಾವಿ. ಆದರೆ ಬಾವಿಯ ನೀರು ಕುಡಿಯಲು ಭಯ, ಮರದ ಮೇಲೆ ಯಾರಿದ್ದಾರೋ ಅಂತ ಭಯ. ವೈರಿಗೆ ಸಮವಸ್ತ್ರವಿರಲಿಲ್ಲ. ನೆಲದಲ್ಲಿ ಮದ್ದು ಹೂತಿದ್ದರೆ ಅಂತ, ಮುಂದಿನವನು ಹೆಜ್ಜೆಯಿಟ್ಟ ಜಾಗದಲ್ಲೇ ಹಿಂದಿನವನು ಹೆಜ್ಜೆಯಿಡಬೇಕು. ಶಿವರಾಮಯ್ಯನ ಮುಂದೆ ನಡೆಯುತ್ತಿದ್ದವನು ಕುಣಿಗಲ್ಲಿನ ಗಂಗಣ್ಣ. ಇಬ್ಬರೂ ಜೀವಂತ ವಾಪಸ್ಸು ಬಂದರು. ಮದುವೆ ಮುಂಜಿಗಳಲ್ಲಿ ಸಿಕ್ಕಾಗ ಮಳೆ, ಬೆಳೆ, ಪೆನ್ಷನ್ನಿನ ಮಾತಾಡುತ್ತಿದ್ದರು. ಅಲ್ಲಿಯ ಒಂದು ಸಂಜೆಯ ಮಾತು ಮಾತ್ರ ಇಬ್ಬರ ಬಾಯಲ್ಲೂ ಬರಲಿಲ್ಲ. ಹನುಮಕ್ಕನಿಗಂತೂ ಏನೂ ಗೊತ್ತಿರಲಿಲ್ಲ.

ಸೈನ್ಯ ಬಿಟ್ಟ ಮೇಲೆ ಶಿವರಾಮಯ್ಯ ತುಮಕೂರಿನಲ್ಲಿ ಸೆಕ್ಯೂರಿಟಿ ಕೆಲಸ ಹಿಡಿದು ಶೆಟ್ಟಿಹಳ್ಳಿಯಲ್ಲಿ ಮನೆ ಮಾಡಿದರು. ಭಾನುವಾರ ಗಂಡಹೆಂಡಿರು ಟಿವಿಎಸ್ ಗಾಡಿಯಲ್ಲಿ ಹಾಗಲವಾಡಿಯ ತೋಟಕ್ಕೆ ಹೋಗಿಬರುವುದು ರೂಢಿ. ಕಳೆದ ಭಾದ್ರಪದದಲ್ಲಿ ಸುತ್ತಲೂ ಕಡಲೆಕಾಯಿ ಬೆಳೆ ನಿಂತಿತ್ತು, ಹಂದಿ ಕಾಟ ವಿಪರೀತ. ಯಾರೋ ಪುಣ್ಯಾತ್ಮರು ಹಂದಿ ಸಾಯಲೆಂದು ಸಿಡಿಮದ್ದಿನ ಉಂಡೆಗೆ ಹುರಿ ಸುತ್ತಿ, ಕೊಬ್ಬು ಸವರಿ ಬೇಲಿಯ ಬುಡದಲ್ಲಿಟ್ಟಿದ್ದರು. ಹಂದಿಯೇನೋ ತಪ್ಪಿಸಿಕೊಂಡಿತು, ಪಕ್ಕದ ಊರಿನ ಹಸುವೊಂದು ಕಚ್ಚಿ ದವಡೆ ಹಾರಿಹೋಯಿತು. ಹುಷಾರು ಅಂತ ಶಿವರಾಮಯ್ಯ ಹೆಂಡತಿಗೆ ಹೇಳಿಯೂ ಇದ್ದರು.

ಹೇಳಿ ಏನು ಬಂತು? ಎಲೆಬಳ್ಳಿ ಕಟ್ಟಲು ಹನುಮಕ್ಕ ತಾನೇ ಹೊಸೆದ ತೆಂಗಿನ ನಾರಿನ ಕತ್ತದ ಹುರಿಯ ಉಂಡೆಯನ್ನು ಹಿಂದಿನ ವಾರ ತೋಟದಲ್ಲೇ ಮರೆತಿದ್ದಳು. ಆ ಭಾನುವಾರ ಬೇಲಿಯ ಬಳಿ ಅಲಸಂದೆ ಬಿಡಿಸುವಾಗ ಹುರಿ ಸುತ್ತಿದ ಉಂಡೆಯೊಂದು ಕಣ್ಣಿಗೆ ಬಿತ್ತು. ಇನ್ನೇನು, ಎತ್ತಿ ಮಡಿಲಿಗೆ ಹಾಕಿಕೊಂಡಳು.

ಹೊರಡುವ ಹೊತ್ತಿಗೆ ಅವಳು ತೋಟದ ಮನೆಯ ಜಗುಲಿಯ ಪಕ್ಕ ಬಂದು ನಿಂತಾಗ ಶಿವರಾಮಯ್ಯ ಗಾಡಿ ಒರೆಸುತ್ತಿದ್ದರು. ಗಾಡಿಯಲ್ಲಿ ತೆಂಗಿನಕಾಯಿ ಚೀಲ ಯಾವಾಗಲೂ ಅವಳ ತೊಡೆಯ ಮೇಲೆಯೇ, ಮಡಿಲಿನ ಗಂಟಿಗೆ ಒತ್ತಿಕೊಂಡು.

"ಹೋದ್ ವಾರ ಬುಟ್ಟೋಗಿದ್ದ ಹುರಿ ಉಂಡೆ ಸಿಕ್ತು ಕಣ್ರೀ," ಅಂದಳು. "ಯಾವ್ ನಾಯಿ ಮೂಸಿತ್ತೋ, ಬರೀ ಜಿಡ್ಡು."

ಜಿಡ್ಡು ಅನ್ನುವ ಮಾತಿಗೆ ಶಿವರಾಮಯ್ಯನ ಕೈ ನಿಂತಿತು. ಗಾಳಿಯಲ್ಲಿ ಹಳಸಿದ ಕೊಬ್ಬಿನ ವಾಸನೆ, ಅದರ ಹಿಂದೆಯೇ ಪಟಾಕಿ ಮದ್ದಿನ ವಾಸನೆ. ಮಡ್ಲು ಮುಟ್ಟಬೇಡ, ಅಲ್ಲೇ ನಿಲ್ಲು ಅಂದರು.

ಹನುಮಕ್ಕನಿಗೆ ರೇಗಿತು. ಮದುವೆಯಾದಾಗಿನಿಂದ ತೋರಿಸಿ ತೋರಿಸಿ ಸಾಕಾಗಿದೆ, ನಾನೇನು ಕಳ್ಳಿಯಾ, ತಗೊಳ್ಳಿ ನೋಡಿ ಅಂತ ಗಂಟಿಗೆ ಕೈ ಹಾಕಿದಳು. ಎಂದಿನಂತೆ ಕೊಡವಿದರೆ ಉಂಡೆ ಬೀಳುವುದು ಕಲ್ಲಿನ ಮೇಲೆ. ಕೂಗಿದರೆ ಇನ್ನೂ ಜೋರಾಗಿ ಕೊಡವುತ್ತಾಳೆ. ಆ ಅಭ್ಯಾಸ ಮಾಡಿಸಿದವರೇ ಇವರು.

ಶಿವರಾಮಯ್ಯ ಕೂಗಲಿಲ್ಲ. ಎಷ್ಟೋ ವರ್ಷ ನುಂಗಿಕೊಂಡಿದ್ದ ಮಾತು ಆಗ ಮೆಲ್ಲಗೆ ಬಂತು.

"ಹನುಮಿ, ಜಾಫ್ನಾದಾಗೆ ಒಬ್ಬ ಮುದುಕಮ್ಮ ಹಿಂಗೇ ಮಡ್ಲಿಗೆ ಕೈ ಹಾಕ್ಕಂಡು ನಮ್ ಹತ್ರ ಬಂದ್ಲು. ನಿಲ್ಲು ಅಂದ್ವಿ, ನಿಲ್ಲಲಿಲ್ಲ. ಬಾಂಬು ಅಂದ್ಕಂಡು ಗಂಗಣ್ಣ ಹೊಡೆದ. ಅವ್ನು ಹೊಡೀದಿದ್ರೆ ನಾನ್ ಹೊಡೀತಿದ್ದೆ. ಮಡ್ಲಾಗಿದ್ದಿದ್ದು ಎಲೆ ಅಡಿಕೆ ಕಣೆ." ಒಂದು ಉಸಿರು ಎಳೆದುಕೊಂಡರು. "ಇವತ್ತು ನಿನ್ ಮಡ್ಲಾಗಿರಾದು ಹುರಿ ಉಂಡೆ ಅಲ್ಲ. ಹಂದಿ ಮದ್ದು. ಅಲುಗಬ್ಯಾಡ."

ಹನುಮಕ್ಕನ ಕೈ ಗಂಟಿನ ಮೇಲೆಯೇ ನಿಂತಿತು. ಅವಳು ಅಲುಗಲಿಲ್ಲ. ಶಿವರಾಮಯ್ಯ ಒಂದೊಂದೇ ಹೆಜ್ಜೆ ಇಟ್ಟು ಹತ್ತಿರ ಬಂದು ಮಡಿಲೊಳಗೆ ಕೈಯಿಟ್ಟರು. ಮೊದಲು ಅಲಸಂದೆ ಸಿಕ್ಕಿತು, ಆಮೇಲೆ ಅದು. ಎತ್ತಲು ಹೋಗಿ ಎರಡು ಸಲ ಕೈ ಹಿಂದಕ್ಕೆ ತೆಗೆದರು. ನಿಧಾನಕ್ಕೆ ತಗೊಳ್ಳಿ, ನಾನು ಅಲುಗಲ್ಲ ಅಂತ ಹೆಂಡತಿಯೇ ಧೈರ್ಯ ಹೇಳಬೇಕಾಯಿತು. ಹಕ್ಕಿಯ ಮೊಟ್ಟೆ ಎತ್ತುವಂತೆ ಎತ್ತಿ, ಉತ್ತ ಹೊಲದ ಮೆತ್ತನೆ ಮಣ್ಣಿನಲ್ಲಿಟ್ಟು ಇಬ್ಬರೂ ದೂರ ಸರಿದರು. ಫೋನು ಮಾಡಿದ ಮೇಲೆ ಪೊಲೀಸರು ಬಂದು ನೋಡಿ, ಪುಣ್ಯ ಮಾಡಿದ್ರಿ ಅಮ್ಮ ಅಂದರು.

ಅವರು ಅದನ್ನು ಕೊಂಡೊಯ್ದ ಮೇಲೆ ಹನುಮಕ್ಕ ಜಗುಲಿಯಲ್ಲಿ ಕೂತು ಬಹಳ ಹೊತ್ತು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಆ ಯಮ್ಮನ ಹೆಸರೇನು ಅಂತ ಕೇಳಿದಳು. ಗೊತ್ತಿಲ್ಲ, ಯಾರೂ ಕೇಳಲಿಲ್ಲ ಅಂದರು ಶಿವರಾಮಯ್ಯ.

ಅದೇ ತಿಂಗಳ ಕೊನೆಗೆ ಮಹಾಲಯ ಅಮಾವಾಸ್ಯೆ ಬಂತು. ಶೆಟ್ಟಿಹಳ್ಳಿಯ ಮನೆಯಲ್ಲಿ ಹಿರಿಯರಿಗೆ ಎಡೆಯಿಡುವಾಗ ಹನುಮಕ್ಕ ಅತ್ತೆಯ ಎಡೆಯ ಪಕ್ಕ ಇನ್ನೊಂದು ಬಾಳೆಲೆ ಹಾಸಿ, ಅನ್ನ ಪಾಯಸದ ಜೊತೆ ಎಲೆ ಅಡಿಕೆ ಇಟ್ಟಳು. ಅವಳೇ ಹೇಳಿ ಕಳಿಸಿದ್ದರಿಂದ ಗಂಗಣ್ಣನೂ ಕುಣಿಗಲ್ಲಿನಿಂದ ಬಂದಿದ್ದ. ಇದು ಯಾರಿಗೆ ತಂಗ್ಯಮ್ಮ ಅಂತ ಕೇಳಿದ.

"ಜಾಫ್ನಾದಮ್ಮಂಗೆ, ಅಣ್ಣ."

ಗಂಗಣ್ಣ ಶಿವರಾಮಯ್ಯನ ಮುಖ ನೋಡಿದ. ಅವರು ತಲೆ ತಗ್ಗಿಸಿದರು. ಬಯ್ಯುತ್ತಾನೋ, ಹೊರಟೇ ಹೋಗುತ್ತಾನೋ ಅಂತ ಹನುಮಕ್ಕ ನೋಡುತ್ತ ನಿಂತಳು. ಗಂಗಣ್ಣ ಎಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಜೇಬಿನಿಂದ ತನ್ನ ಸುಣ್ಣದ ಡಬ್ಬಿ ತೆಗೆದು ಎಲೆ ಅಡಿಕೆಯ ಪಕ್ಕ ಇಟ್ಟ.

"ಸುಣ್ಣ ಮರ್ತಿದ್ಯಲ್ಲ ತಂಗ್ಯಮ್ಮ," ಅಂದ. "ಆ ಯಮ್ಮನ್ ಮಡ್ಲಾಗೆ ಸುಣ್ಣದ ಡಬ್ಬೀನೂ ಇತ್ತು."